ಸವಾರನ ಟಿಪ್ಪಣಿಪುಸ್ತಕ

ಕಳೆದ ತಿಂಗಳು ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದು, ನಾನು ಎರವಲು ಕೊಟ್ಟಿದ್ದ ಟಿಪ್ಪಣಿಪುಸ್ತಕವೊಂದನ್ನು ಹಿಂದಿರುಗಿಸಿದನು. ಉಪಾಧ್ಯಾಯವೃತ್ತಿಯಲ್ಲಿದ್ದಾಗ ನಾನು ರಜಾದಿನಗಳಲ್ಲಿ ಬೈಸಿಕಲ್ಲನ್ನೇರಿ ಸುತ್ತಮುತ್ತಣ ಊರುಗಳನ್ನು ನೋಡಿಬರುತ್ತಿದ್ದೆನು. ದಾರಿಯ ಏರು, ಇಳಿಜಾರು, ನೆರಳು, ನೀರು ಇವನ್ನೆಲ್ಲ ಅದರಲ್ಲಿ ಬರೆದಿಡುತ್ತಿದ್ದೆನು. ಶಿಷ್ಯನಿಗೂ ಈಗ ಅದೇ ಗೀಳು ಹತ್ತಿದೆ. ಪುಸ್ತಕವನ್ನು ಅವನ ಕೈಗೆ ಕೊಡುವಾಗ ನನಗುಂಟಾದ ಹೆಮ್ಮೆಯನ್ನು ಮರೆಮಾಡಲಾರೆನು. ಅದು ಹಿಂದಕ್ಕೆ ಬಂದಾಗ ಏನಾಯಿತೆಂಬುದನ್ನು ಆಮೇಲೆ ಅರಿಕೆಮಾಡುವೆನು.

ಬರಿಯ ವಿನೋದಕ್ಕಾಗಿ ಸವಾರಿ ಮಾಡುವವನು ಅದನ್ನು ಬರೆದು ಪರರಿಗೆ ಒಪ್ಪಿಸುವುದರಿಂದ ಕೊಡುವುದೇನು, ಪಡೆಯುವುದೇನು? ಇದಕ್ಕೆ ಅಮೆರಿಕಾ ದೇಶದ ಲೈಮನ್ ಹಾಚ್‌ಕಿಸ್ ಬ್ಯಾಗ್ ಎಂಬಾತನಿಗಿಂತ ಒಳ್ಳೆಯ ನಿದರ್ಶನವು ನನಗೆ ತಿಳಿಯದು. ಈತನು ೧೮೬೯ರಲ್ಲಿ ಯೇಲ್ ವಿದ್ಯಾಲಯದ ಪದವಿಯನ್ನು ಪಡೆದು ನ್ಯೂಯಾರ್ಕ್ ನಗರದಲ್ಲಿ ವಾಸವಾಗಿದ್ದವನು. ‘ಕಾರ್ಲ್ ಕ್ರಾನ್’ ಎಂಬುದು ಆತನು ಇಟ್ಟುಕೊಂಡ ಹೆಸರು. ತನ್ನ ಗ್ರಂಥವನ್ನು ಆತನು ಅರ್ಪಿಸಿದುದು ಸಾಕಿದ ನಾಯಿಗೆ! ನಮ್ಮವರು ಗ್ರಂಥಾರಂಭದಲ್ಲಿ ವಿಘ್ನೇಶ್ವರನನ್ನು ಸ್ಮರಿಸುವರು, ಲೋಕೋ ಭಿನ್ನರುಚಿಃ.

೧೮೭೯ರಲ್ಲಿ ಆತನು ಕೊಂಡುದು ಆ ಕಾಲದ ಎತ್ತರದ ಚಕ್ರದ ಗಾಡಿ. ಮುಂದಿನ ಚಕ್ರದ ವ್ಯಾಸವು ೪೬ ಅಂಗುಲ. ಹಿಂದಿನದು ಮಕ್ಕಳಾಟದ ಚಕ್ರದಂತೆ ಪುಟ್ಟದು. ಸವಾರನು ದೊಡ್ಡ ಚಕ್ರದ ನೆತ್ತಿಯ ಮೇಲೆ ಕುಳಿತು, ಅದರ ಅಚ್ಚಿಗೇ ಜೋಡಿಸಿದ ಪೆಡಲುಗಳನ್ನು ತುಳಿಯಬೇಕು. ಗಾಳಿ ತುಂಬುವ ಟೈರು ಆಗ ಇನ್ನೂ ಬಳಕೆಗೆ ಬಂದಿರಲಿಲ್ಲ. ಚಕ್ರದ ಅಂಚಿಗೆ ಗಟ್ಟಿ ರಬ್ಬರು ಮಾತ್ರ. ದಾರಿಯಲ್ಲಿ ಒಂದು ಕಲ್ಲು ಅಡ್ಡವಾದರೆ ಸಾಕು, ಸವಾರನು ತಲೆಕೆಳಗಾಗಿ ಮುಂದಕ್ಕೆ ಬೀಳುವನು. ಬ್ಯಾಗನೂ ಮೊದಲ ಸವಾರಿಯಲ್ಲಿಯೇ ಬಿದ್ದು ಮೊಣಕೈಯನ್ನು ನೋಯಿಸಿಕೊಂಡನು. ಹೀಗಿರಲಾಗಿ, ಮುಂದಿನ ಊರಿಗೆ ಹೋಗುವ ದಾರಿಯಲ್ಲಿ ಮರಳಿದೆಯೋ ಜೇಡಿಯಿದೆಯೋ ಎಂಬುದು ಕೈಕಾಲುಗಳನ್ನು ಉಳಿಸಿಕೊಳ್ಳುವ ಪ್ರಶ್ನೆಯಾಗಿತ್ತು.

ಬೈಸಿಕಲ್ಲಿನ ಮೇಲೆ ಆತನು ಹತ್ತು ಸಾವಿರ ಮೈಲಿ ಸಂಚರಿಸಿದನು. ೧೮೮೭ರಲ್ಲಿ ‘ಬೈಸಿಕಲ್ಲಿನ ಮೇಲೆ ಹತ್ತು ಸಾವಿರ ಮೈಲಿ’ ಎಂಬರ್ಥದ ಹೆಸರಿನಿಂದ ಗ್ರಂಥವನ್ನು ಪ್ರಕಟಿಸಿದನು. ೮೦೦ಕ್ಕೆ ಮಿಕ್ಕ ಪುಟಗಳು. ಅಕ್ಷರಗಳೋ ನನ್ನಂಥ ಕನ್ನಡಕದವರಿಗೆ ಶಿಕ್ಷೆಯಾಗುವಷ್ಟು ಸಣ್ಣವು. ಸೂರ್ಯೋದಯದ ವರ್ಣನೆಯನ್ನು ಬಯಸಿದವನಿಗೆ ಇಲ್ಲಿ ನಿರಾಶೆಯೇ ಗತಿ. ಈ ಊರಿಂದ ಆ ಊರಿಗೆ ಎಷ್ಟು ಮೈಲಿ, ಎಲ್ಲಿ ಇಳಿದು ತಳ್ಳಬೇಕು, ದಾರಿಯ ಮೇಲ್ಮೈ ಎಂಥದು, ಯಾವ ದಿನ ಹೋದುದು ಎಂಬೀ ಬಗೆಯ ಒಣ ಸಂಗತಿಗಳೇ ಸಾಲುಸಾಲಾಗಿ ಬರುವುವು. ಇದು ಗ್ರಂಥದ ದೋಷವೆಂದು ಮೊದಲು ನಾನೂ ಎಣಿಸಿದ್ದೆನು. ಆದರೆ ಮರುದಿನ ಬೆಳಗ್ಗೆ ಅದೇ ದಾರಿಯಲ್ಲಿ ಹೊರಡುವ ಅಪರಿಚಿತನೊಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ, ಆ ಒಣ ಸಾಲುಗಳಲ್ಲಿ ಎಷ್ಟು ದಾಕ್ಷಿಣ್ಯವಿದೆಯೆಂಬುದು ಗೊತ್ತಾಗುವುದು.

ಪಡೆದುದನ್ನೂ ಹೇಳಬೇಕು. ಗ್ರಂಥವನ್ನು ಅಚ್ಚುಮಾಡಿಸಲು ಹಣವು ಬೇಕಷ್ಟೆ. ಆತನು ಊರೂರಿನ ಸವಾರರಿಗೆ ಕಾಗದ ಬರೆದು, ಪ್ರತಿಗೆ ಒಂದು ಡಾಲರಿನಂತೆ ೩,೦೦೦ಕ್ಕೂ ಹೆಚ್ಚು ಮಂದಿ ಚಂದಾದಾರರನ್ನು ಮುಂಚಿತವಾಗಿ ಒಪ್ಪಿಸಿದನು. ಒಂದು ಡಾಲರಿಗೆ ಅಂಥ ಹೊತ್ತಗೆಯನ್ನು ಕೊಟ್ಟವನ ಲಾಭವೆಷ್ಟೆಂಬುದನ್ನು ಸಂಸಾರವನ್ನು ತೂಗಿಸುವ ವಾಚಕಿಯರೇ ಊಹಿಸಬಲ್ಲರು. ಧನದ ಮಾತು ಬಿಡೋಣ. ಇತರ ಸವಾರರು ತಾವು ಕಂಡ ದಾರಿಗಳ ವಿವರಗಳನ್ನು ಕೊಟ್ಟರು. ಅವೂ ಗ್ರಂಥದಲ್ಲಿ ಸೇರಿದುವು. ಚಂದಾದಾರರ ಹೆಸರುಗಳನ್ನು ಊರುಗಳ ಸಹಿತ ಆತನು ಅಚ್ಚುಮಾಡಿಸಿದನು. ತಾನು ಎಂದೂ ತುಳಿಯದ ದಾರಿಗಳು ಮನೆಯ ಮೇಜಿಗೇ ನಡೆದುಬರುವುದು ಸಣ್ಣ ಲಾಭವೇ? ೧೮೮೦ರಲ್ಲಿ ಸ್ಥಾಪಿತವಾದ ಅಮೆರಿಕಾದ ಸವಾರರ ಸಂಘವು ಮುಂದೆ ಒಳ್ಳೆಯ ರಸ್ತೆಗಳಿಗಾಗಿ ಹೋರಾಡಿತು. ಮೋಟಾರುಗಳವರು ಆ ಹೋರಾಟಕ್ಕೆ ಸೇರಿದುದು ತರುವಾಯ.

ಈಗ ಕಿಸೆಯೊಳಗಿನ ಫೋನೇ ದಾರಿಯನ್ನು ತೋರಿಸುವುದು, ನಿಜ. ಆದರೂ ನೆರಳಿನ ಮರವೆಲ್ಲಿ, ಕಚ್ಚುವ ನಾಯಿಯೆಲ್ಲಿ ಎಂಬುದನ್ನು ಹೋಗಿಬಂದವನನ್ನೇ ಕೇಳಬೇಕು. ಅದಕ್ಕಾಗಿಯೇ ಶಿಷ್ಯನು ನನ್ನಲ್ಲಿಗೆ ಬಂದಿದ್ದನು.

“ಗುಡಿಯ ಹಿಂದೆ ಸಿಹಿನೀರಿನ ಬಾವಿ, ಬೇಸಗೆಯಲ್ಲಿಯೂ ಬತ್ತದು” ಎಂದು ನಾನು ಒಂದೆಡೆ ಬರೆದಿದ್ದೆನು. ಆ ಮಾತನ್ನು ನಂಬಿ ಅವನು ಹನ್ನೆರಡು ವರ್ಷದ ಮಗಳನ್ನೂ ಕರೆದುಕೊಂಡು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಹೋದನು. ತಂದಿದ್ದ ನೀರು ಮುಗಿದಿತ್ತು. ಬಾವಿಯಿದ್ದ ಜಾಗದಲ್ಲಿ ಮಣ್ಣು ತುಂಬಿ ಬೇಲಿ ಹಾಕಿದ್ದರಂತೆ. ಮಗುವಿಗೆ ಕಣ್ಣು ಕತ್ತಲೆಬಂದು ಕುಸಿದು ಕುಳಿತಳು. ತೋಟದ ಮನೆಯ ತಾಯಿಯೊಬ್ಬಳು ಓಡಿಬಂದು ನೆರಳಿಗೆ ಕರೆದೊಯ್ದು ಉಪ್ಪು ಹಾಕಿದ ಮಜ್ಜಿಗೆಯನ್ನು ಕುಡಿಸಿದಳು.

ಶಿಷ್ಯನು ಆಕ್ಷೇಪಿಸಲಿಲ್ಲ. “ಮೇಷ್ಟ್ರೇ, ತಮ್ಮ ಪುಸ್ತಕದಲ್ಲಿ ಒಂದು ಸಾಲು ಸೇರಿಸಿದ್ದೇನೆ, ಕ್ಷಮಿಸಬೇಕು” ಎಂದಷ್ಟೇ ಹೇಳಿದನು. ಅವನು ಹೋದ ಮೇಲೆ ತೆರೆದು ನೋಡಿದೆನು. ಅಂಚಿನಲ್ಲಿ ತಾರೀಖು ಹಾಕಿ, “ಬಾವಿ ಮುಚ್ಚಿದೆ. ಬಲಗಡೆಯ ತೋಟದ ಮನೆಯಲ್ಲಿ ನೀರು ಕೇಳಬಹುದು, ಒಳ್ಳೆಯ ಜನ” ಎಂದು ಬರೆದಿದ್ದನು. ನನ್ನ ಬರಹಕ್ಕೆ ತಾರೀಖೇ ಇರಲಿಲ್ಲ. ಮೂವತ್ತು ವರ್ಷ ಹುಡುಗರ ಉತ್ತರಪತ್ರಿಕೆಗಳನ್ನು ತಿದ್ದಿದ ಕೈಗೆ ಅಷ್ಟೂ ತೋಚಿರಲಿಲ್ಲ.

ಈ ವಾರವೆಲ್ಲ ಕುಳಿತು ಪ್ರತಿಯೊಂದು ಟಿಪ್ಪಣಿಗೂ ಇಸವಿಯನ್ನು ನೆನಪುಮಾಡಿಕೊಂಡು ಬರೆಯುತ್ತಿದ್ದೇನೆ. ಹನ್ನೊಂದು ಕಡೆಗಳಲ್ಲಿ ಏನು ಮಾಡಿದರೂ ನೆನಪಿಗೆ ಬರಲಿಲ್ಲ. ಅವುಗಳ ಪಕ್ಕದಲ್ಲಿ ಕೆಂಪು ಮಸಿಯಿಂದ “ವಿಚಾರಿಸಿ ಹೋಗುವುದು” ಎಂದು ಬರೆದಿಟ್ಟಿದ್ದೇನೆ. ಮುಂದಿನ ಭಾನುವಾರ ಶಿಷ್ಯನು ಮತ್ತೆ ಪುಸ್ತಕವನ್ನು ಒಯ್ಯಲು ಬರುವನಂತೆ; ಮಗಳೂ ಬರುವಳಂತೆ.