ನಿಂತ ಎತ್ತಿಗೆ ಯಾರೂ ಬೆಲೆ ಕಟ್ಟುವುದಿಲ್ಲ

ಜೀಪಿನ ಮೇಲೆ ಕೂರಿಸುವ ಕ್ಯಾರಿಯರ್ ಗಟ್ಟಿಯಾಗಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕೆ ನಮ್ಮ ಕಡೆ ಇರುವುದು ಒಂದೇ ಪರೀಕ್ಷೆ. ನಾಲ್ಕು ಜನ ಹತ್ತಿ ಕುಣಿಯುವುದು. ಕುಣಿದಾಗ ಬಗ್ಗದಿದ್ದರೆ, ಲಟಕ್ ಎನ್ನದಿದ್ದರೆ, ಕ್ಯಾರಿಯರ್ ಪಾಸು. ಮಾಡಿದವನಿಗೆ ದುಡ್ಡು, ಮಾಡಿಸಿದವನಿಗೆ ಧೈರ್ಯ, ನೋಡಲು ನಿಂತವರಿಗೆ ಒಂದೊಂದು ಟೀ. ನಾನು ಈ ಪರೀಕ್ಷೆಯ ವಿರುದ್ಧ ಬರೆಯಲು ಕೂತಿದ್ದೇನೆ. ಹಾಗೆ ಬರೆಯುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ, ಯಾಕೆಂದರೆ ಒಂದು ಸಲ ಹಾಗೆ ಕುಣಿದ ನಾಲ್ವರಲ್ಲಿ ನಾನೂ ಒಬ್ಬ.

ನಮ್ಮೂರು ಸಾಲಿಗ್ರಾಮ. ಉಡುಪಿ ಕಡೆಯ ಸಾಲಿಗ್ರಾಮವಲ್ಲ, ರಾಮಾನುಜಾಚಾರ್ಯರು ಬಂದು ತಂಗಿದ್ದರೆಂದು ಹೇಳುವ ಮೈಸೂರು ಜಿಲ್ಲೆಯ ಸಾಲಿಗ್ರಾಮ. ಇತ್ತೀಚೆಗೆ ತಾಲ್ಲೂಕು ಎನಿಸಿಕೊಂಡಿತು. ನಾನು ಹೇಳುವ ಕಾಲದಲ್ಲಿ ಕೃಷ್ಣರಾಜನಗರ ತಾಲ್ಲೂಕಿನ ಒಂದು ಹೋಬಳಿ. 1995ರ ಕೊನೆಯಲ್ಲಿ ನನ್ನ ತಮ್ಮ ಬಾಡಿಗೆಗೆ ಓಡಿಸಲೆಂದು ಹಳೆಯ ಡೀಸೆಲ್ ಜೀಪೊಂದನ್ನು ಕೊಂಡ. ಅದಕ್ಕೆ ಹಿಂದಿನ ಮಾಲೀಕ ಕ್ಯಾನ್ವಾಸ್ ತೆಗೆದು ತಗಡಿನ ಟಾಪ್ ಹಾಕಿಸಿದ್ದ. ಈಗಿನವರು ಆಫ್ ರೋಡ್ ಎಂದು ದುಡ್ಡು ಕೊಟ್ಟು ಹುಡುಕಿಕೊಂಡು ಹೋಗುವ ದಾರಿ ಆಗ ನಮ್ಮ ಹಳ್ಳಿಗಳಿಗೆ ದಿನನಿತ್ಯದ ದಾರಿ. ಅಂಥ ಕಡೆ ಬಾಡಿಗೆ ಜೀಪಿಗೆ ಕ್ಯಾರಿಯರ್ ಇಲ್ಲದಿದ್ದರೆ ಗಿರಾಕಿಯಿಲ್ಲ. ಒಳಗೆ ಜನ, ಮೇಲೆ ಮೂಟೆ, ಮೂಟೆಯ ಮೇಲೆ ಮತ್ತೆ ಜನ. ವೆಲ್ಡಿಂಗ್ ಅಂಗಡಿಯವರು ಒಂದು ವಾರ ಕೂತು ಕಬ್ಬಿಣದ ಪೈಪಿನಲ್ಲಿ ಒಳ್ಳೆ ಮಂಚದ ಹಾಗೆ ಕ್ಯಾರಿಯರ್ ಮಾಡಿದರು. ಮಳೆನೀರು ಹರಿಯಲೆಂದು ಟಾಪಿನ ಅಂಚಿನಲ್ಲಿ ಮಡಿಚಿದ್ದ ತಗಡಿಗೆ ಆರು ಕ್ಲ್ಯಾಂಪು ಕಚ್ಚಿಸಿ ಕೂರಿಸಿದರು. ನಿಂಬೆಹಣ್ಣು ಕಟ್ಟಿದ್ದಾಯಿತು, ತೆಂಗಿನಕಾಯಿ ಒಡೆದದ್ದಾಯಿತು.

"ಹತ್ತಿ ಮೇಷ್ಟ್ರೆ, ನೀವೇ ಹತ್ತಿ ನೋಡಿ. ಏನೂ ಆಗಾಕಿಲ್ಲ" ಎಂದರು ಅಂಗಡಿಯವರು.

ಹತ್ತಿದೆ. ಪಂಚೆ ಎತ್ತಿಕಟ್ಟಿ ಇನ್ನೂ ಮೂವರ ಜೊತೆ ಕುಣಿದೆ. ಪೈಪು ಅಲುಗಲಿಲ್ಲ. ಕೆಳಗೆ ನಿಂತಿದ್ದ ನನ್ನ ಶಿಷ್ಯರು ಚಪ್ಪಾಳೆ ತಟ್ಟಿದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದವನು. ಅದೇ ವರ್ಷ ಒಂಬತ್ತನೇ ಕ್ಲಾಸಿಗೆ ಜಡತ್ವದ ಪಾಠ ಮಾಡಿದ್ದೆ. ಓಡುತ್ತಿರುವ ಬಸ್ಸಿಗೆ ತಟ್ಟನೆ ಬ್ರೇಕ್ ಹಾಕಿದರೆ ಒಳಗಿನವರು ಮುಂದಕ್ಕೆ ಮುಗ್ಗರಿಸುವುದೇಕೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ್ದೆ. ಆ ಚಿತ್ರ ಬರೆದ ಕೈಯಿಂದಲೇ ಕ್ಯಾರಿಯರಿನ ಕಂಬಿ ಹಿಡಿದು ಕುಣಿದೆ. ನಿಂತ ಜೀಪಿನ ಮೇಲೆ ಕುಣಿಯುತ್ತಿದ್ದೇನೆ, ಜೀಪು ಓಡಲು ಇರುವುದು ಎಂಬ ಯೋಚನೆ ಒಂದು ಕ್ಷಣವೂ ಬರಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಒಂದು ಸಂಜೆ ಮೇಲೆ ಐದು ಮೂಟೆ ಭತ್ತ ಹೇರಿಕೊಂಡು ತಮ್ಮ ಬರುತ್ತಿದ್ದ. ಮೂಟೆಗಳ ಮೇಲೆ ಇಬ್ಬರು ಹುಡುಗರು ಕೂತಿದ್ದರು. ನಾಲೆಯ ಸೇತುವೆ ಇಳಿದ ಕೂಡಲೇ ಎಮ್ಮೆಯೊಂದು ಅಡ್ಡ ಬಂತು. ತಮ್ಮ ಬ್ರೇಕ್ ಒತ್ತಿದ. ಜೀಪು ನಿಂತಿತು. ಕ್ಯಾರಿಯರ್ ನಿಲ್ಲಲಿಲ್ಲ. ಆರು ಕ್ಲ್ಯಾಂಪೂ ತಗಡಿನ ಅಂಚಿನ ಮೇಲೆ ಜಾರಿ, ಕ್ಯಾರಿಯರ್ ಇಡಿಯಾಗಿ, ಮೂಟೆಗಳ ಸಮೇತ, ಬಾನೆಟ್ಟಿನ ಮೇಲಿಂದ ರಸ್ತೆಗೆ ಹೋಯಿತು. ಹುಡುಗರಲ್ಲಿ ಒಬ್ಬ ಗದ್ದೆಗೆ ಬಿದ್ದು ಕೆಸರು ಒರೆಸಿಕೊಂಡು ಎದ್ದ. ಇನ್ನೊಬ್ಬನ ಮೇಲೆ ಕ್ಯಾರಿಯರ್ ಬಿತ್ತು. ಸೊಂಟದ ಮೂಳೆ ಮುರಿಯಿತು. ಅವನು ನಮ್ಮ ಪಕ್ಕದ ಮನೆಯವನು, ಒಂಬತ್ತನೇ ಕ್ಲಾಸಿನಲ್ಲಿ ನನ್ನ ಮುಂದೆ ಎರಡನೇ ಬೆಂಚಿನಲ್ಲಿ ಕೂತು ಜಡತ್ವದ ಪಾಠ ಕೇಳಿದ್ದವನು. ಕ್ಯಾರಿಯರ್ ಪರೀಕ್ಷೆಯ ದಿನ ಚಪ್ಪಾಳೆ ತಟ್ಟಿದವರಲ್ಲಿ ಅವನೂ ಇದ್ದ. ಇವತ್ತಿಗೂ ಎಡಗಾಲು ಎಳೆದುಕೊಂಡೇ ನಡೆಯುತ್ತಾನೆ.

ಮಾರನೆಯ ದಿನ ವೆಲ್ಡಿಂಗ್ ಅಂಗಡಿಯವರು ಬಂದು ರಸ್ತೆ ಬದಿಯಲ್ಲಿ ಬಿದ್ದಿದ್ದ ಕ್ಯಾರಿಯರನ್ನು ಸುತ್ತ ತಿರುಗಿ ನೋಡಿದರು. ಅವರ ಕಣ್ಣಲ್ಲಿ ನೀರಿತ್ತು. ಆದರೂ ಹೇಳಿದರು: "ನೋಡಿ ಮೇಷ್ಟ್ರೆ, ಒಂದೇ ಒಂದು ಬೆಸುಗೆ ಬಿಟ್ಟಿಲ್ಲ."

ಅವರು ಹೇಳಿದ್ದು ನಿಜ. ಬಿಟ್ಟಿರಲಿಲ್ಲ. ನಾವು ಪರೀಕ್ಷೆ ಮಾಡಿದ ವಸ್ತು ಪರೀಕ್ಷೆಯಲ್ಲಿ ಗೆದ್ದಂತೆಯೇ ರಸ್ತೆಯಲ್ಲೂ ಗೆದ್ದಿತ್ತು. ಸೋತದ್ದು ನಾವು ಪರೀಕ್ಷೆಯನ್ನೇ ಮಾಡದಿದ್ದ ವಸ್ತು, ಕ್ಯಾರಿಯರಿಗೂ ಜೀಪಿಗೂ ನಡುವೆ ಇದ್ದ ಹಿಡಿತ.

ಇದನ್ನು ಲೆಕ್ಕದಲ್ಲಿ ಹೇಳಿದರೆ ಇನ್ನೂ ನಾಚಿಕೆಯಾಗುತ್ತದೆ, ಯಾಕೆಂದರೆ ಲೆಕ್ಕ ಅಷ್ಟು ಸುಲಭ. ಮೂಟೆಗೆ 60 ಕಿಲೋ ಎಂದರೆ ಐದು ಮೂಟೆ 300, ಕ್ಯಾರಿಯರ್ 40, ಒಟ್ಟು 340 ಕಿಲೋ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುವ ಜೀಪು 12 ಮೀಟರಿನೊಳಗೆ ನಿಂತರೆ, ಅದರ ಮೇಲಿನ ಹೊರೆ ತನ್ನ ತೂಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನ ಬಲದಿಂದ ಮುಂದಕ್ಕೆ ತಳ್ಳುತ್ತದೆ. ಅಂದರೆ ಆರು ಕ್ಲ್ಯಾಂಪುಗಳ ಮೇಲೆ 170 ಕಿಲೋಗೂ ಮಿಕ್ಕಿದ ಎಳೆತ. ನಾವು ನಾಲ್ವರು ಕುಣಿದಾಗ ಆ ಕ್ಲ್ಯಾಂಪುಗಳನ್ನು ಮುಂದಕ್ಕೆ ಎಳೆದದ್ದೆಷ್ಟು? ಸೊನ್ನೆ. ನಾವು ಕೆಳಕ್ಕೆ ಒತ್ತುತ್ತಿದ್ದೆವು. ಒತ್ತಿದಷ್ಟೂ ಕ್ಯಾರಿಯರ್ ಟಾಪಿನ ಮೇಲೆ ಇನ್ನಷ್ಟು ಭದ್ರವಾಗಿಯೇ ಕೂರುತ್ತಿತ್ತು!

ಇನ್ನೂ ಎರಡು ಮಾತು ಈ ಲೆಕ್ಕಕ್ಕೆ ಸೇರಿಸಬೇಕು. ಒಂದು, ಎತ್ತರದ್ದು. 1400 ಕಿಲೋ ತೂಗುವ ಜೀಪಿನ ಭಾರಕೇಂದ್ರ ನೆಲದಿಂದ 70 ಸೆಂಟಿಮೀಟರ್ ಮೇಲಿದೆ ಎಂದಿಟ್ಟುಕೊಳ್ಳಿ. 2 ಮೀಟರ್ ಎತ್ತರದಲ್ಲಿ ಆ 340 ಕಿಲೋ ಕೂತರೆ ಭಾರಕೇಂದ್ರ 95 ಸೆಂಟಿಮೀಟರಿಗೆ ಏರುತ್ತದೆ. ಚಕ್ರಗಳ ನಡುವಿನ ಅಗಲ ಮಾತ್ರ ಇದ್ದಷ್ಟೇ ಇರುತ್ತದೆ. ನಾಲೆ ಏರಿಯ ಮೇಲೆ ಒಂದು ಕಡೆಯ ಚಕ್ರ ಇಳಿದರೆ ಜೀಪು ಮಗುಚುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಕುಣಿಯುವ ಪರೀಕ್ಷೆಗೆ ಇದು ಕಾಣಿಸುವುದೇ ಇಲ್ಲ.

ಎರಡನೆಯದು, ಬಳಲಿಕೆ. ತಂತಿಯನ್ನು ಒಂದು ಸಲ ಬಗ್ಗಿಸಿದರೆ ಮುರಿಯುವುದಿಲ್ಲ. ಹಿಂದೆ ಮುಂದೆ ಹತ್ತು ಸಲ ಬಗ್ಗಿಸಿದರೆ ಮುರಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಆಗಸ್ಟ್ ವೋಲರ್ ಎಂಬ ಜರ್ಮನ್ ರೈಲ್ವೆ ಎಂಜಿನಿಯರ್ ರೈಲಿನ ಅಚ್ಚುಗಳು ಮುರಿಯುವುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ ಇದನ್ನೇ ಕಂಡುಕೊಂಡ. ಒಂದು ಸಲಕ್ಕೆ ಸುಲಭವಾಗಿ ತಡೆಯುವ ಭಾರ, ಮತ್ತೆ ಮತ್ತೆ ಬಿದ್ದರೆ ಉಕ್ಕನ್ನೂ ಸೀಳುತ್ತದೆ. ನಮ್ಮ ರಸ್ತೆಯ ಒಂದೊಂದು ಗುಂಡಿಯೂ ಕ್ಯಾರಿಯರಿಗೆ ಒಂದೊಂದು ಬಗ್ಗು. ಚಕ್ರ ಗುಂಡಿಗೆ ಬಿದ್ದು ಎದ್ದಾಗ ಮೂಟೆ ಮೊದಲು ಹಗುರಾಗುತ್ತದೆ, ಆಮೇಲೆ ತನ್ನ ತೂಕದ ಎರಡು ಪಟ್ಟು ಮೂರು ಪಟ್ಟು ಆಗಿ ಕೂರುತ್ತದೆ. ಮೊದಲ ದಿನ ಐದು ನಿಮಿಷ ಕುಣಿದು, ಐದು ವರ್ಷದ ಗುಂಡಿಗಳಿಗೆ ಜಾಮೀನು ಕೊಡುವುದು ಹೇಗೆ?

ನಮ್ಮವರಿಗೆ ಪರೀಕ್ಷೆ ಎಂದರೇನೆಂದು ಗೊತ್ತಿಲ್ಲ ಎಂದು ನಾನು ಹೇಳುತ್ತಿಲ್ಲ. ಗೊತ್ತಿದೆ, ಚೆನ್ನಾಗಿಯೇ ಗೊತ್ತಿದೆ. ಸಂಕ್ರಾಂತಿ ಸಮಯದಲ್ಲಿ ಚುಂಚನಕಟ್ಟೆಯ ದನದ ಜಾತ್ರೆಗೆ ಹೋಗಿ ನೋಡಿ. ಎತ್ತು ಕೊಳ್ಳುವವನು ಮೊದಲು ಬಾಯಿ ತೆರೆದು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಬೆನ್ನು ಸವರುತ್ತಾನೆ. ಅಷ್ಟಕ್ಕೇ ದುಡ್ಡು ಬಿಚ್ಚುತ್ತಾನೆಯೇ? ಇಲ್ಲ. "ನಡೆಸು ನೋಡಾನ" ಎನ್ನುತ್ತಾನೆ. ನಡೆಸಿದ ಮೇಲೆ ನೊಗ ಹೂಡಿಸುತ್ತಾನೆ. ಎಳೆಯುವಾಗ ಯಾವ ಎತ್ತು ಹೆಗಲು ಕೊಡುತ್ತದೆ, ಯಾವುದು ಕಳ್ಳಾಟ ಆಡುತ್ತದೆ ಎಂದು ಹಿಂದಿನಿಂದ ನೋಡುತ್ತಾನೆ. ನಿಂತ ಎತ್ತಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ಎತ್ತಿನ ವಿಷಯದಲ್ಲಿ ಇಷ್ಟು ಬುದ್ಧಿವಂತರಾದ ನಾವು ಜೀಪಿನ ಹತ್ತಿರ ಬಂದ ಕೂಡಲೇ ಆ ಬುದ್ಧಿಯನ್ನು ಜಾತ್ರೆ ಮಾಳದಲ್ಲೇ ಬಿಟ್ಟು ಬಂದವರ ಹಾಗೆ ಆಡುತ್ತೇವೆ. ಕಬ್ಬಿಣಕ್ಕೆ ಸುಳಿಯಿಲ್ಲ, ಹಲ್ಲಿಲ್ಲ, ಕಳ್ಳಾಟವಿಲ್ಲ ಎಂದು ನಂಬಿಬಿಟ್ಟಿದ್ದೇವೆ.

ಇದೆಲ್ಲ ಹಳೆಯ ಕತೆ, ಈಗ ಕಾಲ ಬದಲಾಗಿದೆ ಎನ್ನುವವರಿಗೆ ಹೋದ ವರ್ಷದ ಮಾತು ಹೇಳುತ್ತೇನೆ. ಅದೇ ತಮ್ಮನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ನಾಲ್ಕೂ ಚಕ್ರ ಎಳೆಯುವ ಹೊಸ ಗಾಡಿ ಕೊಂಡ. ಅದರ ಮೇಲೆ ಅಲ್ಯೂಮಿನಿಯಂ ಕ್ಯಾರಿಯರ್, ಅದಕ್ಕೆ ಅವನ ಬಾಯಲ್ಲಿ ರೂಫ್ ರ‍್ಯಾಕ್ ಎಂದು ಹೆಸರು. ಅದರ ಮೇಲೆ ಮಡಿಚಿದ ಗುಡಾರ. ಕಬಿನಿ ಹಿನ್ನೀರಿನ ಕಡೆ ಸ್ನೇಹಿತರ ತೋಟದಲ್ಲಿ ಗಾಡಿಯ ಮೇಲೆಯೇ ಗುಡಾರ ಬಿಚ್ಚಿ ಮಲಗುವ ಏರ್ಪಾಡು. "ಗಟ್ಟಿ ಇದೆಯೇನೋ?" ಎಂದು ಕೇಳಿದೆ. ಮೊಬೈಲ್ ತೆಗೆದು, ಮಾರಿದವರು ಕಳಿಸಿದ್ದ ವಿಡಿಯೋ ತೋರಿಸಿದ.

"ನೋಡಿ ದೊಡ್ಡಪ್ಪ, ಎಂಟು ಜನ ನಿಂತಿದ್ದಾರೆ!"

ಎಂಟು ಜನ! ನಮ್ಮ ಕಾಲಕ್ಕೆ ನಾಲ್ಕು, ಈಗ ಎಂಟು. ಮೂವತ್ತು ವರ್ಷದಲ್ಲಿ ಆದ ಪ್ರಗತಿ ಇಷ್ಟೇ. ಗಾಡಿಯ ಜೊತೆ ಕೊಟ್ಟ ಪುಸ್ತಕ ತರಿಸಿ ಹುಡುಕಿದೆವು. ಓಡುವಾಗ ಟಾಪಿನ ಮೇಲೆ ಎಷ್ಟು ಹೇರಬಹುದೆಂದು ಅದರಲ್ಲಿ ಬರೆದಿತ್ತು, 75 ಕಿಲೋ. ಇಂಥ ಬಹಳಷ್ಟು ಗಾಡಿಗಳಿಗೆ ಈ ಮಿತಿ 50ರಿಂದ 100 ಕಿಲೋ ಒಳಗೇ ಇರುತ್ತದೆ, ಅದರಲ್ಲಿ ಕ್ಯಾರಿಯರಿನ ಸ್ವಂತ ತೂಕವೂ ಸೇರಿರುತ್ತದೆ. ಇವನ ಕ್ಯಾರಿಯರ್ 30 ಕಿಲೋ, ಗುಡಾರ 60. ಅಂದರೆ ಒಂದು ಚೀಲ ಹೇರುವ ಮೊದಲೇ ಮಿತಿ ದಾಟಿತ್ತು.

ವಿಡಿಯೋ ಸುಳ್ಳೇ ಎಂದರೆ ಸುಳ್ಳಲ್ಲ. ನಿಂತ ಗಾಡಿ ಎಂಟು ಜನರನ್ನು ಹೊತ್ತದ್ದು ನಿಜ. ರಾತ್ರಿ ನಿಂತ ಗಾಡಿಯ ಮೇಲೆ ಇಬ್ಬರು ಮಲಗಿದರೆ ಏನೂ ಆಗದಿರುವುದಕ್ಕೂ ಅದೇ ಕಾರಣ. ನಿಂತಾಗಿನ ಬಲ ಬೇರೆ, ಓಡುವಾಗಿನ ಬಲ ಬೇರೆ. ಕೊಳ್ಳುವವನು ಕೇಳುವ ಪ್ರಶ್ನೆ ಒಂದು, ಮಾರುವವನು ತೋರಿಸುವುದು ಬೇರೊಂದು ಪ್ರಶ್ನೆಯ ಉತ್ತರ. ಸುಳ್ಳಾದರೆ ಹಿಡಿಯಬಹುದು. ತಪ್ಪು ಪ್ರಶ್ನೆಗೆ ಕೊಟ್ಟ ನಿಜವಾದ ಉತ್ತರವನ್ನು ಹಿಡಿಯುವುದು ಕಷ್ಟ. ನಮ್ಮ ವೆಲ್ಡಿಂಗ್ ಅಂಗಡಿಯವರಾದರೂ ತಮಗೇ ಗೊತ್ತಿಲ್ಲದೆ ನಮ್ಮನ್ನು ಕುಣಿಸಿದರು. ಓದಿದವರು, ಎಂಜಿನಿಯರುಗಳನ್ನು ಇಟ್ಟುಕೊಂಡವರು ಇದೇ ಆಟ ಆಡಿದರೆ ಅದಕ್ಕೆ ಏನೆನ್ನಬೇಕು?

ಕಾನೂನಿಲ್ಲವೇ ಎಂದು ಕೇಳಬಹುದು. 1988ರ ಮೋಟಾರು ವಾಹನ ಕಾಯ್ದೆಯ 123ನೇ ಕಲಮು ವಾಹನದ ಮೇಲೆ ಜನ ಕೂರಕೂಡದೆಂದು ಸ್ಪಷ್ಟವಾಗಿಯೇ ಹೇಳುತ್ತದೆ. 1996ರಲ್ಲೂ ಹೇಳುತ್ತಿತ್ತು. ಆ ಹುಡುಗರನ್ನು ಮೇಲೆ ಕೂರಿಸಿದ್ದು ನಮ್ಮ ತಪ್ಪು, ಅದನ್ನು ಕ್ಯಾರಿಯರಿನ ತಲೆಗೆ ಕಟ್ಟುವುದಿಲ್ಲ. ಇನ್ನು ಕ್ಯಾರಿಯರಿಗೇ ಎಂದು ಐಎಸ್‌ಒ 11154 ಎಂಬ ಅಂತರರಾಷ್ಟ್ರೀಯ ಮಾನಕವೊಂದಿದೆ. ಅದು ಮೂಲೆಯ ವೆಲ್ಡಿಂಗ್ ಅಂಗಡಿಗೆ ತಲುಪುವುದು ಯಾವಾಗ, ಬಡ ಕಸುಬುದಾರನ ಮೇಲೆ ಪ್ರಯೋಗಶಾಲೆ ಹೇರುತ್ತೀರಾ ಎಂದು ಸ್ನೇಹಿತರೊಬ್ಬರು ನನ್ನ ಮೇಲೆ ರೇಗಿದರು. ಅವರ ಕೋಪ ನನಗೆ ಅರ್ಥವಾಗುತ್ತದೆ. ಆದರೆ ನಾನು ಕೇಳುತ್ತಿರುವ ಪರೀಕ್ಷೆಗೆ ಪ್ರಯೋಗಶಾಲೆ ಬೇಡ. ಬಾವಿಯ ರಾಟೆ ಸಾಕು.

ಜೀಪನ್ನು ಒಂದು ಗಟ್ಟಿ ಮರಕ್ಕೆ ಮುಖ ಮಾಡಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಕ್ಲ್ಯಾಂಪುಗಳು ಕೂತ ಕಡೆ ಸುಣ್ಣದ ಗೀಟು ಹಾಕಿ. ಮರದ ಕೊಂಬೆಗೆ ಕ್ಯಾರಿಯರಿನ ಎತ್ತರಕ್ಕೆ ರಾಟೆ ಕಟ್ಟಿ. ಖಾಲಿ ಕ್ಯಾರಿಯರಿಗೆ ಬಿಗಿದ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ಎಷ್ಟು ಹೊರೆ ಹೇರಬೇಕೆಂದಿದ್ದೀರೋ ಅಷ್ಟು ತೂಕದ ಮೂಟೆಗಳನ್ನು ಒಂದೊಂದಾಗಿ ಹಗ್ಗದ ತುದಿಗೆ ತೂಗುಹಾಕಿ. ಯಾರೂ ಎದುರಿಗೆ ನಿಲ್ಲಬೇಡಿ. ಗೀಟು ಸರಿಯಿತೋ, ಕ್ಯಾರಿಯರ್ ಫೇಲು. ಸರಿಯದಿದ್ದರೆ ಹಿಂದಕ್ಕೂ ಪಕ್ಕಕ್ಕೂ ಹಾಗೆಯೇ ಎಳೆದು ನೋಡಿ. ಆಮೇಲೆ ಹೊರೆ ಕಟ್ಟಿ, ಮೇಲೆ ಯಾರನ್ನೂ ಕೂರಿಸದೆ, ಕೆಟ್ಟ ದಾರಿಯಲ್ಲಿ ನಿಧಾನವಾಗಿ ಹತ್ತು ಮೈಲಿ ಹೋಗಿ ಬನ್ನಿ. ಬೋಲ್ಟು ಸಡಿಲಾಗಿದೆಯೇ, ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದೆಯೇ ನೋಡಿ. ತಿಂಗಳಿಗೊಮ್ಮೆ ಮತ್ತೆ ನೋಡಿ. ಖರ್ಚು ಅರ್ಧ ದಿನ. ಮಾಡಿದವರು ಕೊನೆಗೆ ಕ್ಯಾರಿಯರಿನ ಮೇಲೆ ಎರಡು ಅಂಕಿ ಕೊರೆಯಲಿ: ನಿಂತಾಗ ಇಷ್ಟು ಕಿಲೋ, ಓಡುವಾಗ ಇಷ್ಟು ಕಿಲೋ. ಎರಡನೆಯ ಅಂಕಿ ಕೊರೆಯಲು ಹೆದರುವವನು ಕ್ಯಾರಿಯರ್ ಮಾಡಬಾರದು, ಅವನು ಎಂಟು ಜನರನ್ನು ನಿಲ್ಲಿಸಿದರೂ ಅಷ್ಟೇ, ಎಂಬತ್ತು ಜನರನ್ನು ನಿಲ್ಲಿಸಿದರೂ ಅಷ್ಟೇ.

ತಮ್ಮನ ಮಗ ಗಾಡಿ ತಂದ ದಿನ ಬೀದಿಯವರೆಲ್ಲ ನೋಡಲು ಬಂದಿದ್ದರು. ಪಕ್ಕದ ಮನೆಯ ಆ ಹುಡುಗನೂ ಬಂದ. ಈಗ ಹುಡುಗನಲ್ಲ, ನಲವತ್ತು ದಾಟಿದವನು, ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟಿದ್ದಾನೆ. "ಮೇಲೆ ಹತ್ತಿ ನೋಡಣ್ಣ" ಎಂದು ಯಾರೋ ಹುಡುಗರು ಅಂದರು. ಅವನು ಹತ್ತಲಿಲ್ಲ. ಕಾಲೆಳೆದುಕೊಂಡು ಗಾಡಿಯ ಹಿಂದಕ್ಕೆ ಹೋಗಿ, ಕ್ಯಾರಿಯರಿನ ಹಿಂಬದಿಯ ಕಂಬಿಗೆ ಎರಡೂ ಕೈ ಕೊಟ್ಟು, ಮೈಭಾರವೆಲ್ಲ ಹಾಕಿ ಮುಂದಕ್ಕೆ ನೂಕಿದ. ಆಮೇಲೆ ಬಗ್ಗಿ ಕ್ಲ್ಯಾಂಪು ನೋಡಿದ.

ನನ್ನ ಪಾಠ ಅವನಿಗೆ ಅರ್ಥವಾಗಿತ್ತು. ಅದಕ್ಕೆ ಅವನು ಕೊಟ್ಟ ಬೆಲೆಯನ್ನು ಇನ್ನೊಬ್ಬರು ಕೊಡಬಾರದು. ಮುಂದಿನ ಸಲ ಯಾರಾದರೂ ಮೇಲೆ ಹತ್ತಿ ಕುಣಿದು ತೋರಿಸಿದರೆ ಚಪ್ಪಾಳೆ ತಟ್ಟಬೇಡಿ. "ಇಳೀರಿ ಸ್ವಾಮಿ, ಎಳೆದು ತೋರಿಸಿ" ಎನ್ನಿ.