ಕುಡಿಯುವ ನೀರಿಗೆ ಕಾವಲು ಎಲ್ಲಿರಬೇಕು?

ನಲ್ಲಿಯಲ್ಲಿ ಕೆಟ್ಟ ನೀರು ಬಂದಾಗ ನಾವು ಮೊದಲು ದೂರುವುದು ಶುದ್ಧೀಕರಣ ಘಟಕವನ್ನು. ಆ ಘಟಕಕ್ಕೆ ನೀರೆತ್ತುವ ಜಾಕ್‌ವೆಲ್ಲಿನ ಸುತ್ತ ಏನು ಬಂದು ಸೇರುತ್ತಿದೆಯೆಂದು ವಿಚಾರಿಸುವವರು ವಿರಳ. ಕಲುಷಿತ ನೀರು 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿತು. ಆಗ ಘಟಕ, ಟ್ಯಾಂಕು, ಕೊಳವೆಗಳ ಚರ್ಚೆ ನಡೆಯಿತು. ನೀರಿನ ಮೂಲದ ಚರ್ಚೆ ನಡೆಯಬೇಕಾದಷ್ಟು ನಡೆಯಲಿಲ್ಲ.

ವಿಜಯಪುರ ನಗರಕ್ಕೆ ಆಸರೆಯಾಗಿರುವುದು ಕೊಲ್ಹಾರದ ಬಳಿಯ ಕೃಷ್ಣೆ, ಜೊತೆಗೆ ಭೂತನಾಳ ಕೆರೆ. ಆಲಮಟ್ಟಿಯ ಹಿನ್ನೀರಾಗಿ ನಿಲ್ಲುವ ಮುನ್ನ ಕೃಷ್ಣೆಯು ಸಾಂಗಲಿಯನ್ನು ದಾಟಿ, ನರಸೋಬಾ ವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು ಬರುತ್ತಾಳೆ. ಕೊಲ್ಹಾಪುರದ ಚರಂಡಿ ನೀರು ಹಾಗೂ ಇಚಲಕರಂಜಿಯ ಬಟ್ಟೆ ಕಾರ್ಖಾನೆಗಳ ತ್ಯಾಜ್ಯ ಪಂಚಗಂಗೆಯನ್ನು ಕೆಡಿಸುತ್ತಿರುವುದು ಹಳೆಯ ದೂರು.

ಘೋಣಸಗಿ, ತಿಕೋಟಾ, ಬಬಲೇಶ್ವರಗಳ ಸೀಮೆಗೆ ಇನ್ನೊಂದು ಚಿಂತೆಯೂ ಉಂಟು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಈ ಒಣಭೂಮಿಗೆ ಕೃಷ್ಣೆಯ ನೀರು ಬಂದುದು ಸಂತೋಷದ ಸಂಗತಿ. ಆದರೆ ದ್ರಾಕ್ಷಿ ತೋಟಕ್ಕೆ ಸಿಂಪಡಿಸಿದ ಔಷಧ, ಬೆಳೆಗೆ ಹಾಕಿದ ಯೂರಿಯಾ ಮಳೆಯ ಹರಿವಿನೊಡನೆ ಹಳ್ಳ, ಕೆರೆ, ಬಾವಿಗಳಿಗೇ ಇಳಿಯುತ್ತವೆ. ಘಟಕದಲ್ಲಿ ಪಟಿಕವು ರಾಡಿಯನ್ನು ತಳಕ್ಕಿಳಿಸುತ್ತದೆ, ಮರಳು ಸೋಸುತ್ತದೆ, ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತದೆ. ನೀರಿನಲ್ಲಿ ಕರಗಿದ ನೈಟ್ರೇಟನ್ನಾಗಲಿ, ಹಲವು ಕೀಟನಾಶಕಗಳನ್ನಾಗಲಿ ಈ ಮೂರೂ ತೆಗೆಯಲಾರವು. ಭಾರತೀಯ ಮಾನಕದಂತೆ ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದು ಹೆಚ್ಚಾದರೆ ಹಸುಗೂಸುಗಳ ರಕ್ತಕ್ಕೆ ಪ್ರಾಣವಾಯು ಒಯ್ಯುವ ಶಕ್ತಿ ಕುಂದುತ್ತದೆ.

ಅಮೆರಿಕದ ಮಿಲ್ವಾಕಿ ನಗರದಲ್ಲಿ 1993ರಲ್ಲಿ, ಕ್ಲೋರಿನ್ನಿಗೂ ಜಗ್ಗದ ಕ್ರಿಪ್ಟೋಸ್ಪೊರಿಡಿಯಂ ಎಂಬ ಜೀವಿ ಘಟಕವನ್ನು ದಾಟಿ ಬಂದು, ಸುಮಾರು 4 ಲಕ್ಷ ಜನರು ಕಾಯಿಲೆ ಬಿದ್ದರು. ತರುವಾಯ ಆ ನಗರವು ನೀರೆತ್ತುವ ಕೊಳವೆಯನ್ನೇ ಸರೋವರದೊಳಗೆ ಇನ್ನಷ್ಟು ದೂರಕ್ಕೆ ಒಯ್ದಿತು. ನಮ್ಮ ಆದಿಲಶಾಹಿಗಳು ತೊರವಿಯಿಂದ ನಗರಕ್ಕೆ ನೆಲದಡಿಯ ಸುರಂಗದಲ್ಲಿ ನೀರು ತಂದಿದ್ದರೆಂಬುದನ್ನೂ ಇಲ್ಲಿ ನೆನೆಯಬೇಕು.

ಮಾಡಬೇಕಾದುದು ಅಸಾಧ್ಯವೇನಲ್ಲ. ಜಾಕ್‌ವೆಲ್ಲಿನ ಸುತ್ತ ಬೇಲಿ ಇರಲಿ. ಅದರ ಮೇಲ್ಭಾಗದಲ್ಲಿ ಚರಂಡಿ ಸೇರದಿರಲಿ, ದನ, ವಾಹನ ತೊಳೆಯದಿರಲಿ. ಕೆರೆಯಂಚಿನಲ್ಲಿ ಹುಲ್ಲು, ಗಿಡಗಳ ಪಟ್ಟಿ ಬೆಳೆಯಲಿ. ನದಿಯ ಮೇಲ್ಭಾಗದಲ್ಲಿ ತ್ಯಾಜ್ಯ ಬಿಟ್ಟ ಸುದ್ದಿ ಕೆಳಗಿನ ಪಂಪ್‌ಹೌಸಿಗೆ ಕೂಡಲೇ ಮುಟ್ಟಲಿ. 1974ರ ಜಲಮಾಲಿನ್ಯ ನಿಯಂತ್ರಣ ಕಾಯಿದೆ ಇದೆ. ಜಾರಿಗೆ ಒತ್ತಾಯಿಸುವವರು ಬೇಕು.

ಶುದ್ಧ ನೀರು ಮನುಷ್ಯನ ಮೂಲಭೂತ ಹಕ್ಕೆಂದು ಪೋಪ್ ಫ್ರಾನ್ಸಿಸ್ 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಸಾರಿದ್ದಾರೆ. ಹಕ್ಕನ್ನು ಕೇಳುವ ನಾವು ಸಿಂಪಡಣೆಯ ಡಬ್ಬಿಯನ್ನು ಹಳ್ಳದಲ್ಲಿ ತೊಳೆಯದಿರುವ ಕರ್ತವ್ಯವನ್ನೂ ಮರೆಯಬಾರದು.