ಮರುಮುದ್ರಣದ ಹಿಂದಿನ ಒಡೆತನದ ಪ್ರಶ್ನೆ

ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ 2008ರಲ್ಲಿ ಹಾಡಿ ಜನಪ್ರಿಯಗೊಳಿಸಿದ ‘ಲವ್ ಸ್ಟೋರಿ’ಯನ್ನು 2021ರ ಫೆಬ್ರುವರಿಯಲ್ಲಿ ಮತ್ತೆ ಧ್ವನಿಮುದ್ರಿಸಿ ಹೊರತಂದಾಗ ಕೇಳುಗರನ್ನು ಅಚ್ಚರಿಗೊಳಿಸಿದ್ದು ಎರಡು ಮುದ್ರಿಕೆಗಳ ಸಾಮ್ಯ. ಮೊದಲ ಮುದ್ರಿಕೆಯಲ್ಲಿ ಅವರ ಜತೆಗಿದ್ದ ನಿರ್ಮಾಪಕ ನೇಥನ್ ಚಾಪ್ಮನ್ ಅವರ ಸ್ಥಾನಕ್ಕೆ ಕ್ರಿಸ್ಟೊಫರ್ ರೋ ಬಂದಿದ್ದರು. ಹಳೆಯ ಹಾಡನ್ನು ಮತ್ತೆ ಹಾಡುವವರು ಸಾಮಾನ್ಯವಾಗಿ ಹೊಸತನಕ್ಕೆ ಹವಣಿಸುತ್ತಾರೆ. ಇಲ್ಲಿ ಹೊಸ ತಂಡದ ಮುಂದಿದ್ದ ಕೆಲಸವೇ ಹಳೆಯದನ್ನು ಆದಷ್ಟೂ ಯಥಾವತ್ತಾಗಿ ಕಟ್ಟಿಕೊಡುವುದಾಗಿತ್ತು.

ಕಾರಣ ಕರಾರುಪತ್ರದಲ್ಲಿತ್ತು. ಹಾಡಿನ ಸಾಹಿತ್ಯ ಮತ್ತು ಸ್ವರಸಂಯೋಜನೆಯ ಹಕ್ಕು ಒಂದು. ‘ಮಾಸ್ಟರ್’ ಎನ್ನಲಾಗುವ ಮೂಲ ಧ್ವನಿಮುದ್ರಿಕೆಯ ಹಕ್ಕು ಮತ್ತೊಂದು. ಮೊದಲನೆಯದರಲ್ಲಿ ಗೀತೆ ರಚಿಸಿದ ಸ್ವಿಫ್ಟ್‌ಗೆ ಅಧಿಕಾರವಿತ್ತು, ಎರಡನೆಯದು ಬಿಗ್ ಮಷೀನ್ ಕಂಪೆನಿಯ ಸೊತ್ತಾಗಿತ್ತು. ಸ್ಕೂಟರ್ ಬ್ರಾನ್ ಅವರ ಸಂಸ್ಥೆ 2019ರ ಜೂನ್‌ನಲ್ಲಿ ಆ ಕಂಪೆನಿಯನ್ನು ಸುಮಾರು 30 ಕೋಟಿ ಡಾಲರ್‌ಗೆ ಕೊಂಡಾಗ ಸ್ವಿಫ್ಟ್ ಅವರ ಆರು ಆಲ್ಬಂಗಳ ಮುದ್ರಿಕೆಗಳೂ ಕೈಬದಲಾದವು. ಮರುವರ್ಷ ಅವು ಶ್ಯಾಮ್ರಾಕ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆಯ ಪಾಲಾದವು. ಕರಾರಿನ ನಿರ್ಬಂಧ ಸಡಿಲವಾದೊಡನೆ ಸ್ವಿಫ್ಟ್ ಮರುಮುದ್ರಣಕ್ಕಿಳಿದರು. ಚಲನಚಿತ್ರಕ್ಕೋ ಜಾಹೀರಾತಿಗೋ ಹಾಡು ಬೇಕೆಂದರೆ ರಚನಕಾರರ ಅನುಮತಿಯೂ ಅಗತ್ಯ. ಹಳೆಯದಕ್ಕೆ ಒಪ್ಪದೆ ಹೊಸದನ್ನಷ್ಟೇ ಕೊಡುವ ಅವಕಾಶ ಅವರಿಗೆ ದೊರೆಯಿತು.

‘ಲವ್ ಸ್ಟೋರಿ’ ಹೊಸ ರೂಪದಲ್ಲೂ ಬಿಲ್‌ಬೋರ್ಡ್ ಕಂಟ್ರಿ ಹಾಡುಗಳ ಪಟ್ಟಿಯ ಅಗ್ರಸ್ಥಾನಕ್ಕೇರಿತು. ತಮ್ಮ ಒಂದೇ ಹಾಡಿನ ಎರಡು ಮುದ್ರಿಕೆಗಳಿಂದ ಅಲ್ಲಿಗೆ ತಲುಪಿದ್ದವರು ಅದುವರೆಗೆ ಡಾಲಿ ಪಾರ್ಟನ್ ಒಬ್ಬರೇ, 1974 ಮತ್ತು 1982ರಲ್ಲಿ. ಕೊನೆಗೆ 2025ರ ಮೇ ತಿಂಗಳಲ್ಲಿ ಸ್ವಿಫ್ಟ್ ಮೂಲ ಮುದ್ರಿಕೆಗಳನ್ನೇ ಖರೀದಿಸಿದರು.

ಇದು ಕಲಾವಿದರೆಲ್ಲರ ಗೆಲುವು ಎಂಬ ಬಣ್ಣನೆಯನ್ನು ಒಪ್ಪುವುದು ಕಷ್ಟ. ಇಂಥ ಸಾಹಸಕ್ಕೆ ಹಣ ಬೇಕು, ಬಿಡುವು ಬೇಕು, ಹಳೆಯದನ್ನು ಬಿಟ್ಟು ಹೊಸದನ್ನೇ ಕೇಳುವಷ್ಟು ನಿಷ್ಠೆಯ ಅಭಿಮಾನಿಗಳು ಬೇಕು. ಎಷ್ಟು ಮಂದಿಗೆ ಅದು ಸಾಧ್ಯ? ಇತ್ತ ಮರುಮುದ್ರಣದ ಮೇಲಿನ ನಿಷೇಧವನ್ನು 10, 15, ಕೆಲವೊಮ್ಮೆ 30 ವರ್ಷಗಳಿಗೆ ಹಿಗ್ಗಿಸಲು ದೊಡ್ಡ ಕಂಪೆನಿಗಳು ಯತ್ನಿಸುತ್ತಿವೆಯೆಂದು 2023ರಲ್ಲಿ ವರದಿಯಾಯಿತು. ಅದರ ಭಾರ ಬೀಳುವುದು ಚೌಕಾಸಿ ಮಾಡುವ ಬಲವಿಲ್ಲದೆ ಮೊದಲ ಕರಾರಿಗೆ ಸಹಿ ಹಾಕುವ ಹೊಸಬರ ಮೇಲೆ.

ಕರಾರಿಗೆ ಕಡಿವಾಣ ಹಾಕಬಲ್ಲುದು ಕಾನೂನು. ಭಾರತದ ಹಕ್ಕುಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಚಿತ್ರಗೀತೆಯ ರಚನಕಾರರು ಮತ್ತು ಸಂಗೀತ ಸಂಯೋಜಕರು ಚಿತ್ರಮಂದಿರದ ಪ್ರದರ್ಶನದಾಚೆಗಿನ ಬಳಕೆಗೆ ಸಲ್ಲುವ ರಾಯಲ್ಟಿಯ ಸಮಪಾಲನ್ನು ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕಲ್ಲದೆ ಬೇರಾರಿಗೂ ಬರೆದುಕೊಡುವಂತಿಲ್ಲ. ಕವಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದರ ಪರವಾಗಿ ವಾದಿಸಿದ್ದರು. ಆದರೆ ಮೂಲ ಮುದ್ರಿಕೆಯ ಒಡೆತನವನ್ನು ಆ ತಿದ್ದುಪಡಿಯೂ ಹಾಡಿದವರ ಕೈಗಿತ್ತಿಲ್ಲ.